ಮೂರನೆಯ ದಿನದ ಪಾಠ

ನನ್ನ ಭಾಮೈದನಿಗೆ ಎರಡನೆಯ ದಿನದ ಪಾಠ ಹೇಳಿಕೊಟ್ಟದ್ದು ಪುಷ್ಯ ಮಾಸದ ಒಂದು ಮಂಗಳವಾರ. ಬೇರೆ ದಿನಗಳ ಹಾಗೆಯೇ ಇತ್ತು ಅದೂ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಮಂಜು ಇನ್ನೂ ಬಿಟ್ಟಿರಲಿಲ್ಲ. ಪಕ್ಕದ ಬೀದಿಯ ಮಗ್ಗದ ಮನೆಗಳಲ್ಲಿ ಲಾಳಿಯ ಸದ್ದು ಶುರುವಾಗಿತ್ತು. ಅವನು ಬಸ್ಸಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಎಣ್ಣೆಯ ಚಿಂದಿ ಹೊತ್ತಿಸಿ ಒಲೆಯ ಬಾಯಿಗೆ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಗಾಳಿಯ ಚಕ್ರ ತಿರುಗಿಸುತ್ತಿದ್ದ.

ಒಲೆ ಎಂದೆ. ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ಕೂರಿಸಿರುತ್ತಿದ್ದರು. ಅದಕ್ಕೆ ಇದ್ದಿಲು ತುಂಬಿ ಕೆಳಗಿನಿಂದ ಬೆಂಕಿ ಕೊಟ್ಟರೆ ಒಂದು ಬಗೆಯ ಗ್ಯಾಸು ಹುಟ್ಟುತ್ತದೆ. ಅದು ಕೊಳವೆಯಲ್ಲಿ ಇಂಜಿನ್ನಿಗೆ ಹೋಗಿ ಬಸ್ಸು ನಡೆಯುತ್ತದೆ. ಕಾಗದಪತ್ರಗಳಲ್ಲಿ ಅದಕ್ಕೆ ಏನೋ ದೊಡ್ಡ ಹೆಸರಿತ್ತು. ನಾವು ಡ್ರೈವರುಗಳು ಒಲೆ ಎಂದೇ ಕರೆಯುತ್ತಿದ್ದೆವು.

ನಾನು ಆ ಬಸ್ ಕಂಪನಿಯಲ್ಲಿ ಡ್ರೈವರು. ಲೋವರ್ ಸೆಕೆಂಡರಿ ತನಕ ಓದಿದ್ದೆ. ಒಲೆಗಳು ಬಂದ ಹೊಸತರಲ್ಲಿ ಬೆಂಗಳೂರಿನಿಂದ ಒಬ್ಬ ಮೇಸ್ತ್ರಿಯನ್ನು ಕರೆಸಿದರು. ಓದು ಬರಹ ಗೊತ್ತಿದ್ದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಅವನ ಕೈಗೆ ಒಪ್ಪಿಸಿದರು. ತಮಿಳು ಕಡೆಯ ಮನುಷ್ಯ. ಮೊದಲೇ ಹೇಳಿಬಿಟ್ಟ.

"ನೋಡಿ ಸಾಮಿ, ನಾನು ನಿಮಗೆ ಒಲೆ ಕಲಿಸೋಕೆ ಬಂದಿಲ್ಲ. ಒಲೆ ಮೂರು ದಿನದ ಕೆಲಸ, ಯಾರು ಬೇಕಾದ್ರೂ ಕಲೀತಾರೆ. ಕಲಿಸೋದನ್ನ ಕಲಿಸೋಕೆ ಬಂದಿದೀನಿ. ದೇವನಹಳ್ಳಿಗೆ ಒಬ್ಬ, ಹೊಸಕೋಟೆಗೆ ಒಬ್ಬ, ನೆಲಮಂಗಲಕ್ಕೆ ಒಬ್ಬ. ಅವ್ರನ್ನ ನೀವು ತಯಾರು ಮಾಡ್ಬೇಕು. ಅವ್ರು ಆ ಕಡೆ ಡ್ರೈವರುಗಳನ್ನ ತಯಾರು ಮಾಡ್ತಾರೆ."

ಅವನ ಕ್ರಮ ಹೀಗಿತ್ತು. ಮೊದಲು ಅವನು ಮಾಡಿ ತೋರಿಸುತ್ತಿದ್ದ. ಆಮೇಲೆ ನಾನು ಮಾಡಬೇಕು. ಮೂರನೆಯ ಸಲ ಅವನೇ ಶಿಷ್ಯನಾಗಿ, ನನ್ನನ್ನು ಮೇಷ್ಟ್ರು ಮಾಡಿ, ಬೇಕೆಂದೇ ತಪ್ಪು ಮಾಡುತ್ತಿದ್ದ. ಮೇಲಿನ ಮುಚ್ಚಳ ಸರಿಯಾಗಿ ಕೂರಿಸುತ್ತಿರಲಿಲ್ಲ. ಕೊಳವೆಯ ತಿರುಪು ಬಿಗಿಯುತ್ತಿರಲಿಲ್ಲ. ನಾನು ಅದನ್ನು ಹಿಡಿಯಬೇಕು, ಬಾಯಲ್ಲಿ ಹೇಳಿ ತಿದ್ದಬೇಕು. ನನಗೆ ಒಂದು ಕೆಟ್ಟ ಅಭ್ಯಾಸ. ತಪ್ಪು ಕಂಡ ಕೂಡಲೇ ನನ್ನ ಕೈ ಮುಂದಕ್ಕೆ ಹೋಗಿ ತಾನೇ ಸರಿಮಾಡಿಬಿಡುತ್ತಿತ್ತು. ಅವನು ಸ್ಪ್ಯಾನರಿನಿಂದ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದ. "ನಿಮ್ಮ ಕೈ ಬಂದ್ರೆ ನನ್ನ ಕೈ ಸುಮ್ನಾಗ್ತದೆ ಸಾಮಿ. ಹಿಂದಕ್ಕೆ ಕಟ್ಕೊಳ್ಳಿ."

ಮೊದಲ ದಿನ, ಇನ್ನೂ ಬೆಂಕಿ ಹಚ್ಚುವ ಮುಂಚೆ, ಅವನು ಒಂದು ಮಾತು ಹೇಳಿದ್ದ. ಅವನು ಹೇಳಿದ ಎಲ್ಲಕ್ಕಿಂತ ಮೊದಲು ಹೇಳಿದ ಮಾತು ಅದು.

"ಈ ಗ್ಯಾಸು ಕಣ್ಣಿಗೆ ಕಾಣಲ್ಲ, ಮೂಗಿಗೆ ಬರಲ್ಲ. ಗಾಡಿ ನಿಂತಮೇಲೂ ಒಲೆ ಅದನ್ನ ಬಿಡ್ತಾನೇ ಇರ್ತದೆ. ಮುಚ್ಚಿದ ಜಾಗದಲ್ಲಿ ಒಲೆ ಇಟ್ಕೊಂಡು ಮಲಗಿದೋನು ಏಳಲ್ಲ. ಇದನ್ನ ಹೇಳದೆ ಒಲೆ ಹಚ್ಚೋಕೆ ಬಿಡ್ಬೇಡಿ."

ಅವನು ಹೊರಟುಹೋದ ಮೇಲೆ ನಾನು ಪಾಠದ ಕ್ರಮವನ್ನು ಬದಲಾಯಿಸಿದೆ.

ಯಾಕೆ ಎಂದು ಹೇಳಬೇಕು. ನಮ್ಮಲ್ಲಿ ಹೊಸ ಕೆಲಸ ಶುರುಮಾಡುವ ದಿನ ಒಲೆಗೆ ಅರಿಶಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಕರ್ಪೂರ ಹಚ್ಚುತ್ತಿದ್ದೆವು. ದೀಪ ಹಚ್ಚಿದ ಮನೆಯಲ್ಲಿ ಆರಿಸು ಎಂಬ ಮಾತನ್ನು ಆಡುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಅಕ್ಕಿ ಮುಗಿದರೂ ಮುಗಿಯಿತು ಎನ್ನುವುದಿಲ್ಲ. ಕಾಯಿ ಒಡೆದು ಕೈ ಮುಗಿದು ನಿಂತವನಿಗೆ, ಇದನ್ನು ಹೀಗೆ ಆರಿಸಬೇಕು, ಇಲ್ಲದಿದ್ದರೆ ಸಾಯುತ್ತೀಯೆ ಎಂದು ಹೇಗೆ ಹೇಳುವುದು? ಮೊದಲನೆಯವನು ದೇವನಹಳ್ಳಿಯ ಡ್ರೈವರು, ನನಗಿಂತ ಹಿರಿಯ. ಅವನ ಹತ್ತಿರ ಆ ಮಾತು ಶುರುಮಾಡುತ್ತಿದ್ದ ಹಾಗೆ ಅವನು ಕಿವಿ ಮುಚ್ಚಿಕೊಂಡ. "ಶುಭ ನುಡಿಯಯ್ಯಾ ಮೇಷ್ಟ್ರೇ, ಇನ್ನೂ ಕಾಯಿನೀರು ಆರಿಲ್ಲ." ನನಗೂ ಅದು ಸರಿ ಅನ್ನಿಸಿತು. ಆವತ್ತಿನಿಂದ ಹೊತ್ತಿಸುವುದು ಮೊದಲನೆಯ ದಿನ, ಓಡಿಸುವುದು ಎರಡನೆಯ ದಿನ, ಆರಿಸುವುದು ಮತ್ತು ಗ್ಯಾಸಿನ ಅಪಾಯ ಮೂರನೆಯ ದಿನ ಎಂದು ಮಾಡಿದೆ. ಬೆಂಕಿಯ ನಡಿಗೆಯೂ ಹಾಗೆಯೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ದೇವನಹಳ್ಳಿಯವನು, ಹೊಸಕೋಟೆಯವನು ಇಬ್ಬರೂ ಮೂರು ದಿನ ಕಲಿತು ಹೋದರು. ಏನೂ ಆಗಲಿಲ್ಲ.

ಕಲಿತದ್ದಕ್ಕೆ ಗುರುತು ಇರಲಿ ಎಂದು ಒಂದು ಪುಸ್ತಕ ಇಟ್ಟಿದ್ದೆ. ಎಡಕ್ಕೆ ಹೆಸರು, ಬಲಕ್ಕೆ ಗೆರೆ ಹಾಕಿದ ಮೂರು ಮನೆ. ಒಂದೊಂದು ದಿನದ ಪಾಠ ಮುಗಿದಾಗ ಒಂದೊಂದು ಮನೆಯಲ್ಲಿ ಕಲಿತವನು ರುಜು ಹಾಕಬೇಕು.

ನೆಲಮಂಗಲಕ್ಕೆ ಆರಿಸಿದ್ದು ನನ್ನ ಹೆಂಡತಿಯ ತಮ್ಮನನ್ನು. ರಾಜಘಟ್ಟದ ಹತ್ತಿರ ಅವರ ಊರು, ಹೊಲಗದ್ದೆ ಇದ್ದ ಮನೆ. ಮಣ್ಣಿನ ಕೆಲಸ ಬೇಡ, ಚಕ್ರದ ಕೆಲಸ ಬೇಕು ಎಂದು ನನ್ನ ಹಿಂದೆ ಬಂದಿದ್ದ. ಬಂದು ಐದು ವರ್ಷವಾಗಿತ್ತು, ಒಳ್ಳೆಯ ಡ್ರೈವರಾಗಿದ್ದ. ನನ್ನ ಹಾಗೆ ಮೂಕನಲ್ಲ. ಅವನು ಇದ್ದ ಕಡೆ ನಾಲ್ಕು ಜನ ನಗುತ್ತಿದ್ದರು. ಕಲಿಸುವುದಕ್ಕೆ ನನಗಿಂತ ಅವನೇ ತಕ್ಕವನು ಎಂದು ನನಗೆ ಗೊತ್ತಿತ್ತು.

ಆ ಮಂಗಳವಾರ ಬಸ್ಸು ಗೌರಿಬಿದನೂರಿನ ದಾರಿ ಹಿಡಿಯಿತು. ಇದ್ದಿಲಿನ ಬಸ್ಸಿಗೆ ಮಾಕಳಿದುರ್ಗದ ಏರೇ ಪರೀಕ್ಷೆ. ಅರ್ಧಕ್ಕೆ ಬರುವಷ್ಟರಲ್ಲಿ ಬಸ್ಸು ದಮ್ಮು ಕಟ್ಟಿ ನಿಂತಿತು. ಅವನು ಇಳಿದು ಹಿಂದಿನ ಬಾಗಿಲಿಗೆ ಹೋಗಿ ಕೂಗಿದ.

"ಇಳೀರಪ್ಪಾ ಇಳೀರಿ. ಬಸ್ಸಿಗೆ ಮೇಲುಸಿರು ಬಂದೈತೆ. ನಿಮ್ಮ ಭಾರ ಅದರ ಮೇಲೆ, ಅದರ ಭಾರ ನಿಮ್ಮ ಮೇಲೆ."

ಅವರೆಕಾಯಿ ಮಂಕರಿ ಇಟ್ಟುಕೊಂಡಿದ್ದ ಒಬ್ಬ ಮುದುಕಿ ಏಳಲಿಲ್ಲ. "ಚಾರ್ಜು ಕೊಟ್ಟು ನಾವೇ ತಳ್ಳದಾದ್ರೆ ನಿನ್ನ ಬಸ್ಸು ಯಾಕಪ್ಪಾ? ನಮ್ಮ ಎತ್ತಿನ ಗಾಡಿಗೇನು ರೋಗ ಬಂದಿತ್ತು?"

"ಅಜ್ಜೀ, ನೀನು ತಳ್ಳಬ್ಯಾಡ. ಅಲ್ಲೇ ಕೂತ್ಕೊಂಡು ಬಸ್ಸಿಗೆ ಎರಡು ಬೈಗುಳ ಬೈಯಿ ಸಾಕು. ರೋಷಕ್ಕೆ ಹತ್ತಿಬಿಡತದೆ."

ಮುದುಕಿ ನಿಜವಾಗಿಯೂ ಬೈದಳು. ಜನ ನಗುತ್ತಾ ತಳ್ಳಿದರು. ಏರಿನ ತುದಿಯಲ್ಲಿ ಒಲೆಗೆ ಇದ್ದಿಲು ತುಂಬಲು ನಿಲ್ಲಿಸಿದೆವು. ಅಲ್ಲಿ ಅವನು ಹೇಳಿದ, "ಈಗ ನಾನು ಮೇಷ್ಟ್ರು ಭಾವ, ನೀನು ಶಿಷ್ಯ. ಎಲ್ಲಿ ತಪ್ಪು ಮಾಡು ನೋಡಾನ."

ನಾನು ಇದ್ದಿಲು ತುಂಬಿ ಮುಚ್ಚಳವನ್ನು ಸ್ವಲ್ಪ ಓರೆಯಾಗಿ ಬಿಟ್ಟೆ. ಅವನು ನೋಡಿದ. ಸುತ್ತ ಒಂದು ಸಲ ಬಂದ. "ಗಾಳಿ ಕುಡೀತೈತೆ ಕಣಪ್ಪಾ ನಿನ್ನ ಒಲೆ. ಊಟ ಕೊಟ್ಟು ಬಾಯಿ ಮುಚ್ಚಬೇಡ್ವಾ?" ಎಂದ. ಆಮೇಲೆ ಅವನೇ ಮುಚ್ಚಳ ಕೂರಿಸಲು ಹೋದಾಗ ನನ್ನ ಕೈ, ಅಭ್ಯಾಸದಂತೆ, ಮುಂದಕ್ಕೆ ಹೋಯಿತು. ಅವನು ಹೆಗಲ ಟವಲು ತೆಗೆದು ನನ್ನ ಎರಡೂ ಕೈಯನ್ನು ಬೆನ್ನಿನ ಹಿಂದೆ ಸುತ್ತಿ ಒಂದು ಗಂಟು ಹಾಕಿದ.

"ನೋಡ್ರಪ್ಪಾ, ಡ್ರೈವರ್‌ನ ಕಳ್ಳನ ಹಂಗೆ ಕಟ್ಟವ್ನೆ," ಎಂದು ಯಾರೋ ಕೂಗಿದರು.

"ಕಳ್ಳಾನೇ ಕಣಣ್ಣ. ಶಿಷ್ಯರ ಕೈಲಿರೋ ಕೆಲಸ ಕದೀತಾನೆ," ಎಂದ. ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದ. "ಭಾವ, ನೀನು ಎಲ್ಲಾ ಕೈಯಲ್ಲೇ ಹೇಳ್ತೀಯ. ಬಾಯಲ್ಲಿ ಹೇಳೋದು ಯಾವಾಗ?"

ಸಂಜೆ ಸ್ಟ್ಯಾಂಡಿಗೆ ಬಂದು ಬಸ್ಸನ್ನು ಎಂದಿನಂತೆ ಕೆರೆಯ ಪಕ್ಕದ ಬಯಲಿನಲ್ಲಿ ನಿಲ್ಲಿಸಿದೆವು. ಒಲೆಯ ಕಡೆಯ ಕೆಲಸವನ್ನು ನಾನೇ ಮಾಡಿದೆ, ಅದು ಮರುದಿನದ ಪಾಠವಾದ್ದರಿಂದ. ನಮ್ಮೂರಲ್ಲಿ ಬಸ್ಸುಗಳೆಲ್ಲ ಬಯಲಲ್ಲೇ ನಿಲ್ಲುತ್ತಿದ್ದವು. ಅವನು ಬೇರೆ ಬಗೆಯನ್ನು ನೋಡಿಯೇ ಇರಲಿಲ್ಲ. ಪುಸ್ತಕ ತೆಗೆದು ಎರಡನೆಯ ಮನೆಯಲ್ಲಿ ರುಜು ಹಾಕಿದ. ಅವನ ರುಜುವಿಗೆ ಕಡೆಯಲ್ಲಿ ಒಂದು ಉದ್ದನೆಯ ಬಾಲವಿತ್ತು, ಅದು ಮೂರನೆಯ ಮನೆಯ ಒಳಕ್ಕೂ ಸ್ವಲ್ಪ ಹೋಯಿತು. "ನಾಳೆಯದಕ್ಕೆ ಮುಂಗಡ," ಎಂದು ನಕ್ಕ.

ಮನೆಗೆ ಬರುವ ಹೊತ್ತಿಗೆ ಬಸ್ ಕಂಪನಿಯ ಏಜೆಂಟರು ಜಗುಲಿಯ ಮೇಲೆ ಕೂತಿದ್ದರು. ನೆಲಮಂಗಲದ ಡ್ರೈವರಿಗೆ ಜ್ವರ, ಅಲ್ಲಿ ಬಸ್ಸು ಎರಡು ದಿನದಿಂದ ನಿಂತಿದೆ, ನಾಳೆ ಬೆಳಿಗ್ಗೆಯೇ ಇವನನ್ನು ಕಳಿಸಬೇಕು ಎಂದರು.

"ಇನ್ನೊಂದು ಪಾಠ ಉಳಿದಿದೆ," ಎಂದೆ.

"ಹೊತ್ತಿಸೋಕೆ ಬತ್ತದಾ? ಓಡಿಸೋಕೆ ಬತ್ತದಾ? ಸಾಕಲ್ಲಯ್ಯಾ. ಸೋಮವಾರ ಆ ಕಡೆಯೋನು ಎದ್ದುಬತ್ತಾನೆ, ಆಮೇಲೆ ಎಷ್ಟು ಪಾಠ ಬೇಕಾದ್ರೂ ಹೇಳ್ಕೊ."

ಐದು ನಿಮಿಷದ ಮಾತು, ಊಟದ ಹೊತ್ತಲ್ಲಿ ಹೇಳಿದರಾಯಿತು ಎಂದುಕೊಂಡೆ.

ಊಟಕ್ಕೆ ಮುದ್ದೆ, ಹಿತುಕಿದ ಅವರೆಬೇಳೆ ಸಾರು. ನನ್ನ ಹೆಂಡತಿ ದೇವರ ಮುಂದೆ ದೀಪ ಹಚ್ಚಿ ಬಂದು ಬಡಿಸುತ್ತಿದ್ದಳು. ತಮ್ಮ ಮೇಷ್ಟ್ರಾಗಿ ಹೊರಟಿದ್ದಾನೆಂದು ಅವಳಿಗೆ ಸಂತೋಷ. ತೋರಿಸಿಕೊಳ್ಳದೆ ಬೈಯುತ್ತಿದ್ದಳು.

"ಇವನೊಬ್ಬ ಮೇಷ್ಟ್ರು. ಇವನಿಗೆ ಬಾಯಿ ಜಾಸ್ತಿ, ಕಿವಿ ಕಮ್ಮಿ."

"ಮೇಷ್ಟ್ರಿಗೆ ಬಾಯೇ ಇರಬೇಕು ಕಣಕ್ಕ. ಕಿವಿ ಇರಬೇಕಾದ್ದು ಶಿಷ್ಯರಿಗೆ."

"ಲೇ, ಇನ್ನೊಂದು ಮುದ್ದೆ ಮುರಿಯೋ. ಅಲ್ಲಿ ನಿಂಗ್ಯಾರು ಹಾಕ್ತಾರೆ?"

ನಾನು ಗಂಟಲು ಸರಿಮಾಡಿಕೊಂಡೆ. "ನಾಳೆ ಹೊರಡೋ ಮುಂಚೆ ಒಂದು ವಿಷಯ ಕೇಳಿಸ್ಕೊಂಡುಬಿಡು. ಒಲೆ ಆರಿಸೋದು ಹೆಂಗೆ ಅಂದ್ರೆ..." ಎಂದು ಶುರುಮಾಡಿದೆ.

ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ಏನು ಮಾತು ಅಂತ ಆಡ್ತೀರಿ? ದೀಪ ಹಚ್ಚಿದೀನಿ, ಅವನು ಹೊಸ ಕೆಲಸಕ್ಕೆ ಹೊರಟವ್ನೆ. ಆರಿಸೋದು ಕೆಡಿಸೋದು ಎಲ್ಲಾ ಈಗ್ಯಾಕೆ? ಬಂದ್ಮೇಲೆ ಹೇಳ್ಕೊಡಿ."

ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಮಾತು ನಿಲ್ಲಿಸಿ ತುತ್ತು ಇಟ್ಟುಕೊಂಡೆ. ಅವಳ ಮಾತು ತಪ್ಪು ಎಂದು ನನಗೆ ಅನ್ನಿಸಲೇ ಇಲ್ಲ. ನಾನೇ ಕಲಿಯುವವರಿಗೆಲ್ಲ ಮಾಡಿದ್ದನ್ನು ಅವಳು ತನ್ನ ಮನೆಯಲ್ಲಿ ಮಾಡಿದಳು, ಅಷ್ಟೆ.

ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಇಬ್ಬರೂ ಬೇರೆ ಬೇರೆ ಬಸ್ಸಿನ ಹತ್ತಿರ ಇದ್ದೆವು. ನಾನು ನನ್ನ ಒಲೆಗೆ ಗಾಳಿ ಹಾಕುತ್ತಿದ್ದೆ. ಅವನು ಮಧುರೆ ಹಳ್ಳಿಯ ಮೇಲೆ ನೆಲಮಂಗಲಕ್ಕೆ ಹೋಗುವ ಬಸ್ಸನ್ನು ಹತ್ತಿ, ಕಿಟಕಿಯಿಂದ ಕೈಯಾಡಿಸಿ ಕೂಗಿದ. "ಸೋಮವಾರ ಬತ್ತೀನಿ ಭಾವ. ಮೂರನೇ ಪಾಠ ಬಾಕಿ ಐತೆ, ಮರೀಬ್ಯಾಡ."

"ಮರೆಯೋದುಂಟೇನೋ," ಎಂದೆ.

ಶುಕ್ರವಾರ ಆ ಕಡೆಯ ಕಂಡಕ್ಟರು ಬಂದಾಗ ಅವನ ಸುದ್ದಿ ತಂದ. ಬಸ್ಸು ಚೆನ್ನಾಗಿ ಓಡುತ್ತಿದೆ, ಇಬ್ಬರು ಡ್ರೈವರುಗಳಿಗೆ ಆಗಲೇ ಹೊತ್ತಿಸುವುದನ್ನು ಕಲಿಸುತ್ತಿದ್ದಾನೆ, ಅವರ ಕೈಯನ್ನಲ್ಲ ತನ್ನ ಕೈಯನ್ನೇ ಟವಲಿನಲ್ಲಿ ಕಟ್ಟಿಕೊಂಡು ಕಲಿಸುತ್ತಾನೆ, ಜನ ನೋಡಲು ನಿಲ್ಲುತ್ತಾರೆ ಎಂದು ಹೇಳಿದ. ಬಯಲಲ್ಲಿ ಇಬ್ಬನಿಗೆ ಇದ್ದಿಲು ತೇವವಾಗಿ ಬೆಳಿಗ್ಗೆ ಬಹಳ ಹೊತ್ತು ಹಿಡಿಯುತ್ತಿದೆ, ಅದೊಂದೇ ತೊಂದರೆ ಎಂದೂ ಹೇಳಿದ. ಅದಕ್ಕೆ ಏನು ಮಾಡಬೇಕೆಂದು ಅವನು ಕೇಳಿ ಕಳಿಸಿದ್ದನೆಂದಲ್ಲ. ಸುಮ್ಮನೆ ಬಂದ ಸುದ್ದಿ. ನಾನು ಕೇಳಿಸಿಕೊಂಡು ಬಸ್ಸು ಹತ್ತಿದೆ.

ಇದ್ದಿಲಿಗೆ ತೇವ ತಾಗಬಾರದು ಎಂಬುದು ನನ್ನ ಮೊದಲನೆಯ ದಿನದ ಪಾಠ. ಒಳಗೆ ಒಂದಿಷ್ಟು ಕೆಂಡ ಉಳಿಸಿಕೊಂಡರೆ ಬೆಳಿಗ್ಗೆ ಬೇಗ ಹಿಡಿಯುತ್ತದೆ ಎಂಬುದೂ ಮೊದಲನೆಯ ದಿನದ್ದೇ. ಇವೆರಡಕ್ಕೂ ಮೊದಲು ಇರಬೇಕಾಗಿದ್ದ ಒಂದು ಮಾತನ್ನು ನಾನು ಅಲ್ಲಿಂದ ತೆಗೆದು ಕೊನೆಗೆ ಇಟ್ಟಿದ್ದೆ.

ಶನಿವಾರ ಸಂಜೆ ಅವನು ಯಾರನ್ನೋ ಕೇಳಿ, ಸಂತೆ ಮೈದಾನದ ಹಿಂದೆ ಖಾಲಿ ಬಿದ್ದಿದ್ದ ಒಂದು ತಗಡಿನ ಗೋಡೌನಿಗೆ ಬಸ್ಸನ್ನು ತಳ್ಳಿಸಿದನಂತೆ. ಕೆಂಡ ಉಳಿಸಿ, ಮುಚ್ಚಳ ಸರಿಯಾಗಿ ಕೂರಿಸಿ, ಗಾಳಿಗೆ ಬಡಿಯದಂತೆ ಎರಡೂ ಬಾಗಿಲು ಎಳೆದು, ಬಸ್ಸಿನ ಉದ್ದನೆಯ ಸೀಟಿನ ಮೇಲೆ ಕಂಬಳಿ ಹೊದ್ದು ಮಲಗಿದನಂತೆ. ಭಾನುವಾರ ಬೆಳಿಗ್ಗೆ ಕಂಡಕ್ಟರು ಬಂದು ಬಾಗಿಲು ತೆಗೆದಾಗ ಒಲೆ ಇನ್ನೂ ಬಿಸಿಯಾಗಿತ್ತು. ಇದ್ದಿಲು ಒಣಗಿಯೇ ಇತ್ತು.

ನಾವು ಹೋದಾಗ ಅವನನ್ನು ಹೊರಗೆ ಹುಣಿಸೆ ಮರದ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಮುಖ ಕೆಂಪಗೆ ಕಳೆಕಳೆಯಾಗಿತ್ತು. ನಾನು ಸತ್ತವರನ್ನು ನೋಡಿದ್ದೆ, ಅವರು ಹಾಗೆ ಇರುವುದಿಲ್ಲ. ಅವನ ತಾಯಿ ಅವನ ಕೆನ್ನೆ ಮುಟ್ಟಿ, "ನಿದ್ದೆ ಮಾಡ್ತವ್ನೆ, ಯಾರಾದ್ರೂ ಎಬ್ಬಿಸ್ರಪ್ಪಾ," ಎನ್ನುತ್ತಲೇ ಇದ್ದಳು.

ಠಾಣೆಯಿಂದ ಬಂದಿದ್ದ ದಫೇದಾರ ಕೇಳಿದ. "ಈ ಒಲೆ ಕೆಲಸ ಇವನಿಗೆ ಕಲಿಸಿದೋರು ಯಾರು?"

"ನಾನು."

"ಮುಚ್ಚಿದ ಕಡೆ ಇಡಬಾರದು ಅಂತ ಹೇಳಿದ್ದೇನಯ್ಯಾ?"

ನನ್ನ ಹೆಂಡತಿ ಎರಡು ಮಾರು ದೂರದಲ್ಲಿ ಸೆರಗು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎಂದರೆ ಮುಂದಿನ ಪ್ರಶ್ನೆ, ಯಾಕೆ ಹೇಳಲಿಲ್ಲ ಎಂಬುದು. ಅದಕ್ಕೆ ಉತ್ತರ ಊಟದ ಮನೆಗೆ ಹೋಗುತ್ತದೆ, ಅವಳ ಸೌಟು ಹಿಡಿದ ಕೈಗೆ ಹೋಗುತ್ತದೆ. ಅವಳಿಗಾಗಿಯೇ ಸುಳ್ಳು ಹೇಳಿದೆ ಎಂದು ಬರೆಯಲು ನನಗೆ ಇಷ್ಟ. ಆದರೆ ನನ್ನ ಮೇಸ್ತ್ರಿಯ ಮಾತನ್ನು ನಾನೇ ಕೊನೆಗೆ ಸರಿಸಿದ್ದು ಹೊರಗೆ ಬರುತ್ತದೆಂಬ ಭಯವೂ ಇತ್ತು. ಯಾವುದು ಎಷ್ಟು ಎಂದು ಇವತ್ತಿಗೂ ಬೇರೆ ಮಾಡಲಾರೆ.

"ಹೇಳಿದ್ದೆ," ಎಂದೆ.

ಅವಳು ಬಂದು ತಮ್ಮನ ಪಕ್ಕ ಕೂತು ಅವನ ಎದೆಯ ಮೇಲೆ ಹೊಡೆದಳು. "ಹೇಳಿದ್ದನ್ನ ಕೇಳಿಸ್ಕೊಳ್ಳಲಿಲ್ವಲ್ಲೋ! ಬಾಯಿ ಜಾಸ್ತಿ ಕಿವಿ ಕಮ್ಮಿ ಅಂತ ಬಡ್ಕೊಂಡೆನಲ್ಲೋ ನಾನು!"

ಡ್ರೈವರನ ಅಜಾಗರೂಕತೆ ಎಂದು ಬರೆದುಕೊಂಡರು.

ಎರಡು ದಿನದ ಮೇಲೆ ಏಜೆಂಟರು ಮನೆಗೆ ಬಂದು ಪುಸ್ತಕ ಕೇಳಿದರು. ಹಾಳೆ ತಿರುವಿ ಖಾಲಿ ಮನೆಯನ್ನು ನೋಡಿದರು. ನನ್ನ ಮುಖವನ್ನು ನೋಡದೆ ಹೇಳಿದರು. "ಇಲ್ಲೊಂದು ರುಜು ಆಗಿಬಿಟ್ರೆ ಎಲ್ಲಾರಿಗೂ ಒಳ್ಳೇದು. ನಿಂಗೂ ಒಳ್ಳೇದು. ಅವನ ಕೈಬರಹ ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಬಾಲ ಆಗಲೇ ಆ ಮನೆಯೊಳಗೆ ಬಂದು ನಿಂತಿತ್ತು, ಮುಂದುವರಿಸುವುದು ಕಷ್ಟವಿರಲಿಲ್ಲ. ಪೆನ್ನು ಕೈಗೆ ತೆಗೆದುಕೊಂಡೆ. ಆಮೇಲೆ ಕೆಳಗಿಟ್ಟೆ. ದಫೇದಾರನಿಗೆ ಬಾಯಲ್ಲಿ ಹೇಳಿದ್ದು ಸಾಕು ಎಂದೆ. "ಹಂಗಾದ್ರೆ ಈ ಪುಸ್ತಕ ನಂಗೂ ಕಾಣಬಾರದು, ಯಾರಿಗೂ ಕಾಣಬಾರದು," ಎಂದು ಅವರು ಎದ್ದುಹೋದರು. ಅದನ್ನು ಬಟ್ಟೆಯ ಟ್ರಂಕಿನ ತಳದಲ್ಲಿಟ್ಟೆ.

ಆಮೇಲೆ ನೆಲಮಂಗಲಕ್ಕೆ ಬೇರೆಯವನನ್ನು ತಯಾರು ಮಾಡಬೇಕಾಯಿತು. ಅವನಿಗೆ ಆರಿಸುವ ಪಾಠವನ್ನೇ ಮೊದಲು ಹೇಳಿದೆ, ಕಾಯಿ ಒಡೆಯುವುದಕ್ಕೂ ಮುಂಚೆ. ಅವನು ಅರ್ಧ ಕೇಳಿ ಎದ್ದು ನಿಂತ. ಮನೆಗೆ ಹೋಗಿ ತಾಯಿಗೆ ಹೇಳಿದನಂತೆ. ಮರುದಿನ ಆ ತಾಯಿ ಸ್ಟ್ಯಾಂಡಿಗೆ ಬಂದು, "ಭಾಮೈದನ್ನ ತಿಂದುಕೊಂಡಿದ್ದು ಸಾಲದೇನಪ್ಪಾ, ನನ್ನ ಮಗನಿಗೂ ಅದೇ ಬಾಯಲ್ಲಿ ಹೇಳ್ತಿಯಾ?" ಎಂದು ಎಲ್ಲರ ಮುಂದೆ ಕೇಳಿದಳು. ಅವನು ಕೆಲಸ ಬಿಟ್ಟ. ಇನ್ನೊಬ್ಬ ಬಂದ, ಕೇಳಿದ, ತಲೆಯಾಡಿಸಿದ. ಅವನು ಇನ್ನೊಬ್ಬರಿಗೆ ಕಲಿಸುವಾಗ ಆ ಮಾತನ್ನು ಮತ್ತೆ ಕೊನೆಗೇ ಇಟ್ಟಿದ್ದನೆಂದು ಆಮೇಲೆ ತಿಳಿಯಿತು. ಹೋಗಿ ಹೇಳಿದೆ. "ಆಯ್ತು ಬಿಡಿ ಮೇಷ್ಟ್ರೇ," ಎಂದ. ದೇವನಹಳ್ಳಿಗೂ ಹೊಸಕೋಟೆಗೂ ಹೋಗಿ ಹೇಳಿಬಂದೆ. ಎಲ್ಲರೂ ಆಯ್ತು ಎಂದರು. ಯಾರು ಬದಲಾಯಿಸಿದರೋ ಗೊತ್ತಿಲ್ಲ. ನಾನು ಕಲಿಸಿದ್ದು ಅಷ್ಟು ಚೆನ್ನಾಗಿ ನಾಟಿತ್ತು.

ಯುದ್ಧ ಮುಗಿಯಿತು. ನಿಧಾನವಾಗಿ ಪೆಟ್ರೋಲು ಬಂತು. ಒಲೆಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಒಂದು ಪೀಪಾಯಿಯಲ್ಲಿ ಯಾರೋ ಹಿಟ್ಟಿನ ಗಿರಣಿಗೆ ನೀರು ತುಂಬಿಸಿ ಇಟ್ಟುಕೊಂಡಿದ್ದನ್ನು ನೋಡಿದೆ. ಆರಿಸುವ ಪಾಠ ಮೊದಲು ಬರಬೇಕೋ ಕೊನೆಗೆ ಬರಬೇಕೋ ಎಂದು ಕೇಳುವವರು ಯಾರೂ ಉಳಿಯಲಿಲ್ಲ. ನಾನು ಮತ್ತೆ ಬರೀ ಡ್ರೈವರಾದೆ.

ಮನೆಯಲ್ಲಿ ಅವನ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ಅದನ್ನೇ ಹೇಳುತ್ತಿದ್ದಳು. ಹೇಳಿದ್ದನ್ನು ಕೇಳಿದ್ದರೆ ಇರುತ್ತಿದ್ದ. ಅವನ ತಾಯಿಯೂ ಸಾಯುವ ತನಕ ಹಾಗೆಯೇ ಹೇಳಿದಳು. ಹಬ್ಬದಲ್ಲಿ ಅವನ ಹೆಸರಿಗೆ ಎಡೆ ಇಡುವಾಗಲೂ ಮೊದಲು ಒಂದು ಬೈಗುಳ, ಆಮೇಲೆ ಅಳು. ಸತ್ತವನು ಮಾತ್ರ ನನ್ನ ಒಂದೊಂದು ಪಾಠವನ್ನೂ ಅಕ್ಷರ ತಪ್ಪದೆ ಪಾಲಿಸಿದ್ದ. ಅವನಷ್ಟು ಕಿವಿಗೊಟ್ಟು ಕೇಳಿದ ಶಿಷ್ಯ ನನಗೆ ಇನ್ನೊಬ್ಬ ಸಿಗಲಿಲ್ಲ. ಅದನ್ನು ಹೇಳಲು ನಾನೊಬ್ಬನೇ ಇದ್ದೆ, ನಾನು ಹೇಳಲಿಲ್ಲ.

ಒಂದು ದೀಪಾವಳಿಗೆ ಟ್ರಂಕು ಬಿಸಿಲಿಗೆ ಹಾಕುವಾಗ ಪುಸ್ತಕ ಅವಳ ಕೈಗೆ ಸಿಕ್ಕಿತು. ಅವಳಿಗೆ ಓದಲು ಬರುತ್ತಿರಲಿಲ್ಲ. ಜಗುಲಿಗೆ ತಂದು ಕೇಳಿದಳು. "ಇದು ಆವತ್ತಿನದಲ್ವಾ? ನನ್ನ ತಮ್ಮನ ಹೆಸರು ಎಲ್ಲೈತೆ?"

ತೋರಿಸಿದೆ. ಅವಳು ಬೆರಳಿನಿಂದ ಮೊದಲನೆಯ ರುಜುವನ್ನು ಮುಟ್ಟಿದಳು, ಎರಡನೆಯದನ್ನು ಮುಟ್ಟಿದಳು, ಅದರ ಬಾಲವನ್ನು ಹಿಡಿದು ಪಕ್ಕದ ಖಾಲಿ ಮನೆಗೆ ಬಂದಳು. ಬೆರಳು ಅಲ್ಲಿ ನಿಂತಿತು. ಆಮೇಲೆ ಮೇಲಿನ ಸಾಲಿಗೆ ಹೋಯಿತು, ಅದರ ಮೇಲಿನ ಸಾಲಿಗೆ. ಅಲ್ಲಿ ಮೂರು ಮೂರು ಇದ್ದವು.

"ಇವನದು ಯಾಕೆ ಎರಡೇ?"

"ಬೆಳಿಗ್ಗೆ ಅವಸರದಲ್ಲಿ ಹೋದನಲ್ಲ, ರುಜು ಹಾಕೋದು ಬಿಟ್ಟುಹೋಯ್ತು," ಎಂದೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಹೊಸ ರವಿಕೆಯ ಕಣದಲ್ಲಿ ಪುಸ್ತಕವನ್ನು ಸುತ್ತಿ ಎಲ್ಲಿತ್ತೋ ಅಲ್ಲಿಯೇ ಇಟ್ಟಳು. ಆ ಹಬ್ಬದಿಂದ ಅವನನ್ನು ಬೈಯುವುದನ್ನು ನಿಲ್ಲಿಸಿದಳು. ಅವಳಿಗೆ ಏನು ತಿಳಿಯಿತು, ಊಟದ ಹೊತ್ತಿನ ಆ ಮಾತು ಅವಳಿಗೆ ನೆನಪಾಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಅವಳು ಕೇಳಲಿಲ್ಲ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಅವಳು ನನ್ನ ಜೊತೆ ಮಾತಾಡುವುದು ಕಡಿಮೆಯಾಯಿತು.

ಹೋದ ಆಷಾಢದಲ್ಲಿ ಅವಳು ಜ್ವರದಿಂದ ಮಲಗಿದಳು. ಹದಿನೆಂಟು ದಿನ. ಹದಿನಾಲ್ಕನೆಯ ದಿನ ಮಧ್ಯಾಹ್ನ ಸ್ವಲ್ಪ ಎಚ್ಚರವಾಗಿದ್ದಳು. ಗಂಜಿ ಕುಡಿಸಿ, ಬಾಯಿ ಒರೆಸಿ, ಹತ್ತಿರ ಕೂತು ಶುರುಮಾಡಿದೆ. "ಆವತ್ತು ಊಟಕ್ಕೆ ಕೂತಿದ್ದಾಗ ನಿನ್ನ ತಮ್ಮನಿಗೆ ನಾನು..."

ಅವಳು ಕಣ್ಣು ಮುಚ್ಚಿಯೇ ಹೇಳಿದಳು. "ಈಗ ಬ್ಯಾಡಿ. ಎದ್ಮೇಲೆ ಹೇಳಿ."

ಅವಳು ಏಳಲಿಲ್ಲ.

ಈಗ ಮನೆಯಲ್ಲಿ ನಾನೊಬ್ಬನೇ. ಮೇಸ್ತ್ರಿ ಹೇಳಿದ್ದ ಮಾತನ್ನು ಕೆಲವು ಸಲ ಗಟ್ಟಿಯಾಗಿ ಹೇಳಿ ನೋಡುತ್ತೇನೆ. ಎಣಿಸಿದ್ದೇನೆ, ಮೊದಲಿನಿಂದ ಕೊನೆಯ ತನಕ ನಿಧಾನವಾಗಿ ಹೇಳಿದರೂ ಒಂದು ತುತ್ತು ನುಂಗುವಷ್ಟು ಹೊತ್ತು ಸಾಕು. ಬರೆದರೆ ಹಗುರವಾಗುತ್ತದೆ ಎಂದು ಯಾರೋ ಹೇಳಿದ್ದರು. ಹಾಗೇನೂ ಆಗಲಿಲ್ಲ. ಯಾರ ತಪ್ಪು ಎಂದು ಇದ್ದದ್ದು ಇದ್ದ ಹಾಗೆ ಒಂದು ಕಡೆ ಇರಲಿ ಎಂದು ಬರೆದೆ. ತಪ್ಪು ಅವನದಲ್ಲ.

ಪುಸ್ತಕ ಅವಳು ಸುತ್ತಿದ ಬಟ್ಟೆಯಲ್ಲಿಯೇ ಇದೆ. ಅವನ ಹೆಸರಿನ ಮುಂದೆ ಎರಡು ರುಜು ಇವೆ. ಮೂರನೆಯದು ಇಲ್ಲ.